ಗೆಲ್ಲಬೇಕಿದ್ದರೆ ಆಸ್ಟ್ರಿಯಾ ಮೊದಲು ಸೋಲಬೇಕಿತ್ತು

ಹತ್ತಾರು ರಾಜ್ಯಗಳಾಗಿ ಹಂಚಿಹೋಗಿದ್ದ ಜರ್ಮನಿಯನ್ನು ಪ್ರಷ್ಯಾ ರಾಜ್ಯದ ಪ್ರಧಾನಿ ಬಿಸ್ಮಾರ್ಕ್ ಒಂದು ಮಾಡಿದ ಅಂತ ನಾವೆಲ್ಲ ಹೈಸ್ಕೂಲಿನಲ್ಲಿ ಓದಿದ್ದೇವೆ. ಮೂರು ಯುದ್ಧ, ‘ರಕ್ತ ಮತ್ತು ಕಬ್ಬಿಣ’, 1871ರಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಸಾಮ್ರಾಜ್ಯದ ಘೋಷಣೆ. ಇಷ್ಟು ಬರೆದರೆ ಮಾರ್ಕ್ಸ್ ಗ್ಯಾರಂಟಿ. ಇವತ್ತು ಆ ಉತ್ತರವನ್ನು ಸ್ವಲ್ಪ ಅಲುಗಾಡಿಸಿ ನೋಡೋಣ. ಪ್ರಷ್ಯಾ ಬಿಟ್ಟು ಬೇರೆ ಯಾರಾದರೂ ಮುಂದೆ ನಿಂತು ಈ ಕೆಲಸ ಮಾಡಿದ್ದರೆ?

ಈ ಪ್ರಶ್ನೆ ಎದ್ದ ಕೂಡಲೇ ಎಲ್ಲರೂ ಓಡುವುದು ಒಂದೇ ದಿನಕ್ಕೆ. 1866ರ ಜುಲೈ 3, ಪ್ರಷ್ಯಾ–ಆಸ್ಟ್ರಿಯಾ ಯುದ್ಧದ ನಿರ್ಣಾಯಕ ದಿನ. ಬೊಹೀಮಿಯಾದ ಸಡೋವಾ ಹಳ್ಳಿ, ಈಗ ಅದು ಚೆಕ್ ದೇಶದಲ್ಲಿದೆ. ಮಳೆ, ಮಂಜು. ಬೆಳಗ್ಗೆ ಆಸ್ಟ್ರಿಯಾದ ಎದುರು ನಿಂತಿದ್ದು ಪ್ರಷ್ಯಾದ ಸೈನ್ಯದ ಒಂದು ಭಾಗ ಮಾತ್ರ. ಪ್ರಷ್ಯಾ ಯುವರಾಜನ ಕೈಕೆಳಗಿನ ಎರಡನೇ ಸೇನೆ ದೂರದಲ್ಲಿತ್ತು. ಅವನಿಗೆ ಸುದ್ದಿ ಮುಟ್ಟಿಸಲು ತಂತಿ ಸಂಪರ್ಕ ಇರಲಿಲ್ಲ. ಹಾಗಾಗಿ ಹಿಂದಿನ ರಾತ್ರಿ ಒಬ್ಬ ಅಧಿಕಾರಿ ಆಜ್ಞೆಯ ಚೀಟಿ ಹಿಡಿದು ಕುದುರೆ ಹತ್ತಿ ಹೊರಟ, ಬೆಳಗಿನ ಜಾವ ತಲುಪಿದ. ಆ ಕತ್ತಲಲ್ಲಿ ಕುದುರೆ ಎಡವಿ ಬಿದ್ದಿದ್ದರೆ? ಮಧ್ಯಾಹ್ನ ಯುವರಾಜ ಬರುತ್ತಲೇ ಇರಲಿಲ್ಲ.

ಇನ್ನೊಂದು ಕಡೆ ನೋಡಿ. ಯುವರಾಜ ಯಾವ ದಿಕ್ಕಿನಿಂದ ಬರಬೇಕೋ ಅದೇ ಬಲಗಡೆಯನ್ನು ಕಾಯಲು ಆಸ್ಟ್ರಿಯಾ ಎರಡು ಕೋರ್ (ಡಿವಿಷನ್‌ಗಿಂತ ದೊಡ್ಡ ಪಡೆ) ಸೈನ್ಯ ಇಟ್ಟಿತ್ತು. ಆ ಎರಡೂ ಕೋರ್‌ಗಳು ಬೆಳಗ್ಗೆಯೇ ಸ್ವೀಪ್ ಅನ್ನುವ ಒಂದು ಕಾಡಿನೊಳಗೆ ನುಗ್ಗಿದವು. ಕಾಡಿನಲ್ಲಿ ಇದ್ದದ್ದು ಪ್ರಷ್ಯಾದ ಒಂದೇ ಡಿವಿಷನ್. ಆದರೆ ಆಸ್ಟ್ರಿಯಾದ ಸಿಪಾಯಿ ನಳಿಗೆಯ ಬಾಯಿಂದ ಮದ್ದು ತುಂಬಬೇಕು, ಅದಕ್ಕೆ ನಿಂತುಕೊಳ್ಳಬೇಕು. ಪ್ರಷ್ಯಾದವನ ಬಂದೂಕಿಗೆ ಹಿಂದಿನಿಂದ ತುಂಬಿದರೆ ಆಯಿತು, ಮರದ ಬುಡದಲ್ಲಿ ಮಲಗಿಕೊಂಡೇ ಹೊಡೆಯಬಹುದು. ಗಂಟೆಗಟ್ಟಲೆ ಆ ಕಾಡಿನಲ್ಲಿ ಆಸ್ಟ್ರಿಯಾದ ಹುಡುಗರು ಸತ್ತರು. ಬಲಗಡೆ ಖಾಲಿ ಬಿತ್ತು. ಯುವರಾಜ ಅಲ್ಲಿಂದಲೇ ಒಳಗೆ ಬಂದ. ಆಸ್ಟ್ರಿಯಾ ಸೋತಿತು.

ಅಂದರೆ ಆಸ್ಟ್ರಿಯಾ ಗೆಲ್ಲುವುದು ಅಸಾಧ್ಯವೇನೂ ಆಗಿರಲಿಲ್ಲ. ಒಪ್ಪೋಣ. ಆದರೆ ಈ ಕಥೆ ಹೇಳುವವರು ಜುಲೈ 3ರ ಸಂಜೆಗೇ ನಿಲ್ಲಿಸಿಬಿಡುತ್ತಾರೆ. ನಾನು ಕೇಳುವುದು ಜುಲೈ 4ರ ಬೆಳಗ್ಗೆಯನ್ನು. ಗೆದ್ದ ಆಸ್ಟ್ರಿಯಾ ಏನು ಮಾಡುತ್ತಿತ್ತು?

ಅದಕ್ಕೆ ಸಾಕಷ್ಟು ಸುಳಿವು ಇದೆ. 1740ರಲ್ಲಿ ಪ್ರಷ್ಯಾದ ಫ್ರೆಡ್ರಿಕ್ ಕಿತ್ತುಕೊಂಡ ಸಿಲೇಸಿಯಾವನ್ನು ವಾಪಸ್ ಕೇಳುತ್ತಿತ್ತು. ತನ್ನ ಜೊತೆ ನಿಂತ ಸ್ಯಾಕ್ಸನಿ, ಬವೇರಿಯಾ, ಹನೋವರ್‌ಗಳಿಗೆ ಒಂದಿಷ್ಟು ಹಂಚುತ್ತಿತ್ತು. ಪ್ರಷ್ಯಾವನ್ನು ಮೊಟಕು ಮಾಡುತ್ತಿತ್ತು. ಆಮೇಲೆ ಜರ್ಮನ್ ರಾಜ್ಯಗಳ ಹಳೇ ಒಕ್ಕೂಟವನ್ನೇ ಮತ್ತೆ ಎತ್ತಿ ನಿಲ್ಲಿಸುತ್ತಿತ್ತು. ಅಷ್ಟೇ. ಒಂದು ಜರ್ಮನಿ ಹುಟ್ಟುತ್ತಿರಲಿಲ್ಲ. ಇನ್ನೂ ಒಂದು ತಮಾಷೆ ಕೇಳಿ. ಯುದ್ಧಕ್ಕೆ ಮುಂಚೆ, ಜೂನ್ 12ರಂದು, ಆಸ್ಟ್ರಿಯಾ ಫ್ರಾನ್ಸ್ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡಿತ್ತು: ಗೆದ್ದರೂ ಸರಿಯೇ, ವೆನಿಸ್ ಪ್ರಾಂತ್ಯವನ್ನು ಬಿಟ್ಟುಕೊಡುತ್ತೇವೆ ಅಂತ. ಬಿಟ್ಟುಕೊಡಲು ಒಪ್ಪಿದ ಜಾಗವನ್ನು ಕಾಯಲು ಒಂದು ಪೂರ್ತಿ ಸೈನ್ಯವನ್ನು ಇಟಲಿಯಲ್ಲಿ ನಿಲ್ಲಿಸಿತು! ಮಾನದ ಪ್ರಶ್ನೆ. ಆ ಸೈನ್ಯ ಕುಸ್ಟೋಜಾದಲ್ಲಿ ಇಟಲಿಯವರನ್ನು ಸೋಲಿಸಿತು ಕೂಡ. ಸಡೋವಾಗೆ ಅದರಿಂದ ಏನೂ ಉಪಯೋಗ ಆಗಲಿಲ್ಲ.

ಇಲ್ಲಿ ಸ್ವಲ್ಪ ಬದಿಗೆ ಹೋಗುತ್ತೇನೆ. ‘ಒಂದು ಜರ್ಮನಿ’ ಅನ್ನುವುದು ಆಗ ಎಷ್ಟು ಹೊಸ ಮಾತು ಅನ್ನುವುದು ನಮಗೆ ಹತ್ತಿರದವರಿಂದಲೇ ಗೊತ್ತಾಗುತ್ತದೆ. ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದಾಗ ಜರ್ಮನಿ ಅನ್ನುವ ದೇಶ ಇರಲಿಲ್ಲ. ಅವರು ವುರ್ಟೆಂಬರ್ಗ್ ರಾಜನ ಪ್ರಜೆ. ನಮ್ಮ ನಿಘಂಟಿನ ಫರ್ಡಿನಂಡ್ ಕಿಟ್ಟೆಲ್ 1832ರಲ್ಲಿ ಹುಟ್ಟಿದ್ದು ಹನೋವರ್ ರಾಜ್ಯದಲ್ಲಿ, ಉತ್ತರ ಸಮುದ್ರದ ದಡದ ಪೂರ್ವ ಫ್ರೀಸ್‌ಲ್ಯಾಂಡ್ ಸೀಮೆಯಲ್ಲಿ. ಅವರು ಕನ್ನಡದ ಕೆಲಸದಲ್ಲಿ ಮುಳುಗಿದ್ದ ವರ್ಷಗಳಲ್ಲೇ, 1866ರಲ್ಲಿ, ಪ್ರಷ್ಯಾ ಹನೋವರನ್ನು ನುಂಗಿಬಿಟ್ಟಿತು. ಹುಟ್ಟಿದ ರಾಜ್ಯವೇ ಭೂಪಟದಿಂದ ಹೋಯಿತು. 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಅಚ್ಚಾಗುವ ಹೊತ್ತಿಗೆ ಅವರು ಹುಟ್ಟಿದ ಊರು ಬರ್ಲಿನ್‌ನ ಚಕ್ರವರ್ತಿಯ ಕೆಳಗಿತ್ತು.

ಸರಿ, ಒಕ್ಕೂಟಕ್ಕೆ ಬರೋಣ. ನೆಪೋಲಿಯನ್ ಸೋತ ಮೇಲೆ, 1815ರಲ್ಲಿ, 39 ರಾಜ್ಯಗಳ ಒಂದು ಜರ್ಮನ್ ಒಕ್ಕೂಟ ಆಯಿತು. ಅದರ ಸಭೆ ಫ್ರಾಂಕ್‌ಫರ್ಟ್‌ನಲ್ಲಿ. ಕಾಯಂ ಅಧ್ಯಕ್ಷತೆ ಆಸ್ಟ್ರಿಯಾದ್ದು. ಹಾಗಾಗಿ ‘ಆಸ್ಟ್ರಿಯಾ ನಾಯಕತ್ವದ ಜರ್ಮನಿ’ ಅನ್ನುವುದು ಬರೀ ಕಲ್ಪನೆ ಅಲ್ಲ. ಅರ್ಧ ಶತಮಾನ ಅದು ನಿಜವಾಗಿಯೂ ನಡೆಯಿತು. ಹೇಗೆ ನಡೆಯಿತು ಅನ್ನುವುದಕ್ಕೆ ಒಂದು ಸಿಗಾರ್ ಕಥೆ ಇದೆ.

1851ರಲ್ಲಿ ಬಿಸ್ಮಾರ್ಕ್ ಪ್ರಷ್ಯಾದ ಪ್ರತಿನಿಧಿಯಾಗಿ ಅಲ್ಲಿಗೆ ಹೋದ. ಮಿಲಿಟರಿ ಸಮಿತಿಯ ಕೋಣೆಯಲ್ಲಿ ಸಿಗಾರ್ ಸೇದುತ್ತಿದ್ದುದು ಆಸ್ಟ್ರಿಯಾದ ಅಧ್ಯಕ್ಷ ಒಬ್ಬನೇ. ಉಳಿದವರು ಸುಮ್ನೆ ಕೂತಿರುತ್ತಿದ್ದರು. ಬಿಸ್ಮಾರ್ಕ್ ಒಂದು ದಿನ ಜೇಬಿನಿಂದ ಸಿಗಾರ್ ತೆಗೆದು ‘ಸ್ವಲ್ಪ ಬೆಂಕಿ ಕೊಡ್ತೀರಾ?’ ಅಂತ ಅಧ್ಯಕ್ಷನನ್ನೇ ಕೇಳಿದ. ಉಳಿದವರಿಗೆ ಗಾಬರಿ. ಕೆಲವರು ನಮ್ಮ ರಾಜ್ಯವೂ ಸೇದಬೇಕೋ ಬೇಡವೋ ಅಂತ ತಮ್ಮ ಸರ್ಕಾರಕ್ಕೆ ಪತ್ರ ಬರೆದರಂತೆ. ಆಮೇಲೆ ಒಬ್ಬೊಬ್ಬರಾಗಿ ಶುರು ಮಾಡಿದರು. ಸಿಗಾರ್ ಅಭ್ಯಾಸವೇ ಇಲ್ಲದವರೂ ರಾಜ್ಯದ ಮರ್ಯಾದೆಗಾಗಿ ಹೊಗೆ ಬಿಟ್ಟರು. ಈ ಕಥೆಯನ್ನು ಮುಂದೆ ಹೇಳಿದ್ದು ಬಿಸ್ಮಾರ್ಕೇ, ಹಾಗಾಗಿ ಒಂದಿಷ್ಟು ಉಪ್ಪು ಖಾರ ಇದ್ದೇ ಇರುತ್ತದೆ. ಆದರೆ ಆ ಕೋಣೆಯ ಗಾಳಿ ಹೇಗಿತ್ತು ಅನ್ನುವುದು ತಿಳಿಯುತ್ತದೆ. ಆಸ್ಟ್ರಿಯಾಗೆ ಬೇಕಿದ್ದುದು ಅಧ್ಯಕ್ಷರ ಕುರ್ಚಿ, ಆ ಕುರ್ಚಿಯ ಗತ್ತು. ಕೋಣೆಯನ್ನು ಮನೆ ಮಾಡುವ ಯೋಚನೆ ಅದಕ್ಕೆ ಇರಲಿಲ್ಲ.

ಯಾಕೆ ಇರಲಿಲ್ಲ? ಅದಕ್ಕೆ 1815ಕ್ಕೇ ಹೋಗಬೇಕು. ವಿಯೆನ್ನಾ ಸಮ್ಮೇಳನದಲ್ಲಿ ಪ್ರಷ್ಯಾ ಕೇಳಿದ್ದು ಸ್ಯಾಕ್ಸನಿಯನ್ನು. ಪೂರ್ತಿಯಾಗಿ. ಪಕ್ಕದ ರಾಜ್ಯ, ಶ್ರೀಮಂತ ರಾಜ್ಯ, ಅದರ ರಾಜ ಕೊನೆಯವರೆಗೂ ನೆಪೋಲಿಯನ್ ಪರ ಇದ್ದವನು. ಆ ರಾಜನಿಗೆ ಬೇಕಾದರೆ ಪಶ್ಚಿಮದಲ್ಲಿ, ರೈನ್ ನದಿಯ ಕಡೆ, ಬೇರೆ ಜಾಗ ಕೊಡಿ ಅಂತ ಪ್ರಷ್ಯಾವೇ ಸೂಚಿಸಿತು. ಆಸ್ಟ್ರಿಯಾ ಒಪ್ಪಲಿಲ್ಲ. ಬ್ರಿಟನ್, ಫ್ರಾನ್ಸ್ ಮತ್ತು ಆಸ್ಟ್ರಿಯಾ ಜನವರಿ 3ರಂದು ಗುಟ್ಟಿನ ಒಪ್ಪಂದಕ್ಕೂ ಸಹಿ ಹಾಕಿದವು, ಬೇಕಾದರೆ ಯುದ್ಧಕ್ಕೂ ಸಿದ್ಧ ಅಂತ. ಕೊನೆಗೆ ಪ್ರಷ್ಯಾಗೆ ಸಿಕ್ಕಿದ್ದು, ಜನಸಂಖ್ಯೆಯ ಲೆಕ್ಕದಲ್ಲಿ, ಸ್ಯಾಕ್ಸನಿಯ ಸುಮಾರು ಐದರಲ್ಲಿ ಎರಡು ಭಾಗ. ಬಾಕಿಗೆ ಬದಲಾಗಿ ರೈನ್‌ಲ್ಯಾಂಡ್ ಮತ್ತು ವೆಸ್ಟ್‌ಫೇಲಿಯಾ. ಫ್ರಾನ್ಸ್ ಮತ್ತೆ ತಲೆ ಎತ್ತಿದರೆ ಕಾವಲಿಗೆ ಒಬ್ಬ ಗಟ್ಟಿ ಆಳು ರೈನ್ ಮೇಲೆ ಇರಲಿ ಅನ್ನುವುದು ಬ್ರಿಟನ್ ಲೆಕ್ಕ. ಆಸ್ಟ್ರಿಯಾ ಇದೇ ಹೊತ್ತಿನಲ್ಲಿ ಬೆಲ್ಜಿಯಂ ಮೇಲಿನ ಹಕ್ಕನ್ನೂ ರೈನ್ ಪಕ್ಕದ ತನ್ನ ಹಳೇ ಜಾಗಗಳನ್ನೂ ಬಿಟ್ಟು, ಇಟಲಿಯ ಲೊಂಬಾರ್ಡಿ–ವೆನಿಸ್ ಕಡೆ ಮುಖ ಮಾಡಿತು.

ಇದು ದೊಡ್ಡ ತಿರುವು. ಸಡೋವಾಗಿಂತ ದೊಡ್ಡದು ಅಂತ ನನ್ನ ಅಭಿಪ್ರಾಯ. ಪ್ರಷ್ಯಾ ಬೇಡ ಬೇಡ ಅಂದರೂ ಕೊಲೋನ್, ಆಖೆನ್, ಸಾರ್ ಕಲ್ಲಿದ್ದಲು ಅದರ ಮಡಿಲಿಗೆ ಬಿದ್ದವು. ರೂರ್ ಕಣಿವೆಯ ಒಂದು ಭಾಗ ಮೊದಲೇ ಅದರದ್ದಾಗಿತ್ತು, ಈಗ ಸುತ್ತಮುತ್ತಲಿನದ್ದೂ ಸೇರಿತು. ಆದರೆ ರಾಜ್ಯ ಎರಡು ತುಂಡು. ಅಡುಗೆಮನೆ ಒಂದು ಬೀದಿಯಲ್ಲಿ, ಪಡಸಾಲೆ ಇನ್ನೊಂದು ಬೀದಿಯಲ್ಲಿ ಇದ್ದ ಹಾಗೆ. ನಡುವೆ ಹನೋವರ್, ಹೆಸ್ಸೆ ಇತ್ಯಾದಿ ಬೇರೆಯವರ ಜಾಗ. ತನ್ನದೇ ಸರಕು ತನ್ನದೇ ಊರಿಗೆ ಹೋಗಬೇಕಾದರೆ ಪರರ ಗಡಿಯಲ್ಲಿ ಸುಂಕ. ಇದರಿಂದ ಬಿಡಿಸಿಕೊಳ್ಳಲು ಪ್ರಷ್ಯಾ 1818ರಲ್ಲಿ ತನ್ನ ಸುಂಕದ ಕಾನೂನನ್ನು ಸರಿ ಮಾಡಿಕೊಂಡಿತು, ಆಮೇಲೆ ಪಕ್ಕದವರನ್ನು ಒಬ್ಬೊಬ್ಬರಾಗಿ ಎಳೆದುಕೊಂಡಿತು. 1834ರ ಜನವರಿ 1ಕ್ಕೆ ಸುಂಕ ಒಕ್ಕೂಟ ಜಾರಿಗೆ ಬಂತು. ಆ ರಾತ್ರಿ ಹಲವು ಗಡಿಗಳಲ್ಲಿ ಸರಕಿನ ಗಾಡಿಗಳು ಸಾಲುಗಟ್ಟಿ ಕಾಯುತ್ತಿದ್ದವು. ಗಂಟೆ ಹನ್ನೆರಡು ಹೊಡೆಯುತ್ತಿದ್ದಂತೆ ಅಡ್ಡಮರ ಎತ್ತಿದರು, ಗಾಡಿಯವರು ಕೇಕೆ ಹಾಕುತ್ತಾ ದಾಟಿದರು.

ಹಾಗಂತ ಸುಂಕವೇ ದೇಶ ಕಟ್ಟಿತು ಅಂತ ಅಂದುಕೊಳ್ಳಬೇಡಿ. 1866ರಲ್ಲಿ ಇದೇ ಒಕ್ಕೂಟದ ಬವೇರಿಯಾ, ಸ್ಯಾಕ್ಸನಿ, ಹನೋವರ್, ವುರ್ಟೆಂಬರ್ಗ್ ಎಲ್ಲ ಆಸ್ಟ್ರಿಯಾ ಪರ ನಿಂತು ಪ್ರಷ್ಯಾ ವಿರುದ್ಧ ಹೊಡೆದಾಡಿದವು. ಯುದ್ಧ ನಡೆಯುತ್ತಿದ್ದಾಗಲೂ ಸುಂಕದ ವಸೂಲಿ ಮಾತ್ರ ನಿಲ್ಲಲಿಲ್ಲ! ನಾನು ಹೇಳುತ್ತಿರುವುದು ಬೇರೆ. ಪ್ರಷ್ಯಾಗೆ ಜರ್ಮನಿ ಒಂದಾಗುವುದು ಅಗತ್ಯವಾಗಿತ್ತು, ಅದರ ಸ್ವಂತ ಭೂಪಟಕ್ಕಾಗಿ. ಆಸ್ಟ್ರಿಯಾಗೆ ಅದು ಬೇಕಿರಲಿಲ್ಲ. ಬೇಕಾದವರು ರಿಸ್ಕ್ ತಗೋತಾರೆ.

ಆಸ್ಟ್ರಿಯಾದ ಕಡೆಯಲ್ಲೂ ಬೇಕು ಅಂದವನು ಒಬ್ಬ ಇದ್ದ. ಕಾರ್ಲ್ ಲುಡ್ವಿಗ್ ಫಾನ್ ಬ್ರುಕ್. ಅವನು ಹುಟ್ಟಿದ್ದು ರೈನ್ ಕಡೆಯ ಎಲ್ಬರ್‌ಫೆಲ್ಡ್‌ನಲ್ಲಿ. ಗ್ರೀಸ್ ಸ್ವಾತಂತ್ರ್ಯ ಯುದ್ಧಕ್ಕೆ ಹೋಗಬೇಕು ಅಂತ ಹೊರಟವನು ದಾರಿಯಲ್ಲಿ ಟ್ರಿಯೆಸ್ಟ್ ಬಂದರಿನಲ್ಲೇ ಉಳಿದುಬಿಟ್ಟ. ಅಲ್ಲಿ ಆಸ್ಟ್ರಿಯನ್ ಲಾಯ್ಡ್ ಹಡಗು ಕಂಪನಿ ಕಟ್ಟಿದವರಲ್ಲಿ ಒಬ್ಬನಾದ. ಆಮೇಲೆ ವಿಯೆನ್ನಾದಲ್ಲಿ ವಾಣಿಜ್ಯ ಮಂತ್ರಿ. ಅವನ ಯೋಜನೆ ಕೇಳಿ: ಹ್ಯಾಂಬರ್ಗ್‌ನಿಂದ ಟ್ರಿಯೆಸ್ಟ್‌ವರೆಗೆ, ಹಂಗೇರಿಯೂ ಸೇರಿ, ಏಳು ಕೋಟಿ ಜನರ ಒಂದೇ ಸುಂಕದ ಪ್ರದೇಶ. ಇದು ಆಗಿದ್ದರೆ ಜರ್ಮನಿಯ ಮುಖ್ಯ ಬಂದರು ಹ್ಯಾಂಬರ್ಗೋ ಟ್ರಿಯೆಸ್ಟೋ ಅನ್ನುವುದೇ ಒಂದು ಜಗಳ ಆಗಿರುತ್ತಿತ್ತು. ಆದರೆ ಆಸ್ಟ್ರಿಯಾದ ಕಾರ್ಖಾನೆಯವರಿಗೆ ಹೆಚ್ಚು ಸುಂಕದ ರಕ್ಷಣೆ ಬೇಕಿತ್ತು, ಪ್ರಷ್ಯಾ ಬಾಗಿಲು ಹಾಕಿತು. ಬ್ರುಕ್‌ನ ಕೊನೆ ಚೆನ್ನಾಗಿಲ್ಲ. 1860ರಲ್ಲಿ ಹಗರಣವೊಂದರ ಅನುಮಾನದಲ್ಲಿ ಅವನನ್ನು ಮಂತ್ರಿ ಪದವಿಯಿಂದ ಕಿತ್ತುಹಾಕಿದರು. ಅವನು ಆತ್ಮಹತ್ಯೆ ಮಾಡಿಕೊಂಡ. ತಪ್ಪಿಲ್ಲ ಅಂತ ಗೊತ್ತಾಗಿದ್ದು ಆಮೇಲೆ.

ಈಗ ನನ್ನ ಮುಖ್ಯ ಮಾತು. ಆಸ್ಟ್ರಿಯಾ ಮುಂದೆ ನಿಂತು ಒಂದು ಜರ್ಮನಿ ಆಗುವ ಗಳಿಗೆ ಒಂದು ಇತ್ತು. ಅದು 1866 ಅಲ್ಲ. 1849ರ ವಸಂತ. ಅದಕ್ಕೆ ಆಸ್ಟ್ರಿಯಾ ಯುದ್ಧ ಗೆಲ್ಲಬೇಕಿರಲಿಲ್ಲ, ಸೋಲಬೇಕಿತ್ತು. ಪ್ರಷ್ಯಾ ಎದುರು ಅಲ್ಲ, ಹಂಗೇರಿ ಎದುರು.

1848ರಲ್ಲಿ ಯುರೋಪಿನ ತುಂಬಾ ದಂಗೆ ಎದ್ದಿತ್ತು. ಮೇ 18ಕ್ಕೆ ಫ್ರಾಂಕ್‌ಫರ್ಟ್‌ನ ಪೌಲ್ಸ್ ಚರ್ಚಿನಲ್ಲಿ ಜರ್ಮನ್ನರ ಚುನಾಯಿತ ಸಂಸತ್ತು ಸೇರಿತು. ಅದು ತಾತ್ಕಾಲಿಕ ಮುಖ್ಯಸ್ಥನಾಗಿ ಆರಿಸಿದ್ದು ಯಾರನ್ನು ಗೊತ್ತಾ? ಆಸ್ಟ್ರಿಯಾವನ್ನು ಆಳುತ್ತಿದ್ದ ಹ್ಯಾಪ್ಸ್‌ಬರ್ಗ್ ಮನೆತನದ ಒಬ್ಬನನ್ನು. ಆರ್ಚ್‌ಡ್ಯೂಕ್ ಯೋಹಾನ್. ಹಿಂದಿನ ಚಕ್ರವರ್ತಿಯ ತಮ್ಮ, 66 ವರ್ಷ. ಪೋಸ್ಟ್‌ಮಾಸ್ಟರ್ ಮಗಳನ್ನು ಮದುವೆಯಾಗಿದ್ದ ಅನ್ನುವುದರಿಂದ ಜನರಿಗೆ ಅವನ ಮೇಲೆ ಪ್ರೀತಿ ಜಾಸ್ತಿ. ಅವನ ಯುದ್ಧಮಂತ್ರಿ ಆಗಸ್ಟ್ 6ರಂದು ಎಲ್ಲ ಜರ್ಮನ್ ಸೈನ್ಯಗಳೂ ಯೋಹಾನ್‌ಗೆ ಗೌರವ ಸಲ್ಲಿಸಬೇಕು ಅಂತ ಆಜ್ಞೆ ಹೊರಡಿಸಿದ. ಸಣ್ಣ ರಾಜ್ಯಗಳು ಸಲ್ಲಿಸಿದವು. ಪ್ರಷ್ಯಾ, ಆಸ್ಟ್ರಿಯಾ ಹೆಚ್ಚುಕಡಿಮೆ ಕಿವಿಗೇ ಹಾಕಿಕೊಳ್ಳಲಿಲ್ಲ.

ಆ ಸಂಸತ್ತಿಗೆ ದೊಡ್ಡ ತಲೆನೋವು ಆಸ್ಟ್ರಿಯಾವೇ. ಅದರ ಅರ್ಧಕ್ಕಿಂತ ಜಾಸ್ತಿ ಜನ ಜರ್ಮನ್ನರೇ ಅಲ್ಲ. ಹಂಗೇರಿಯವರು, ಚೆಕ್ಕರು, ಪೋಲರು, ಕ್ರೊಯೇಷಿಯಾದವರು, ಇಟಲಿಯವರು. ಅಕ್ಟೋಬರ್ 27ರಂದು ಸಂಸತ್ತು ಒಂದು ಷರತ್ತಿಗೆ ಒಪ್ಪಿಗೆ ಕೊಟ್ಟಿತು: ಜರ್ಮನ್ ಪ್ರದೇಶವೂ ಜರ್ಮನ್ ಅಲ್ಲದ ಪ್ರದೇಶವೂ ಒಂದೇ ರಾಜ್ಯ ಆಗಿರುವಂತಿಲ್ಲ, ಬೇಕಾದರೆ ರಾಜ ಒಬ್ಬನೇ ಇರಲಿ. ಅಂದರೆ ಆಸ್ಟ್ರಿಯಾಗೆ ನೇರ ಮಾತು: ಒಳಗೆ ಬಾ, ಆದರೆ ಅರ್ಧ ಮನೆ ಹೊರಗೆ ಬಿಟ್ಟು ಬಾ. ವಿಯೆನ್ನಾದ ಪ್ರಧಾನಿ ಶ್ವಾರ್ಟ್ಸೆನ್‌ಬರ್ಗ್ ಉತ್ತರ ಕೊಟ್ಟಿದ್ದು 1849ರ ಮಾರ್ಚ್ 4ರಂದು. ಇಡೀ ಸಾಮ್ರಾಜ್ಯ ಒಂದೇ, ಒಡೆಯುವ ಹಾಗಿಲ್ಲ ಅಂತ ಮೇಲಿನಿಂದಲೇ ಒಂದು ಸಂವಿಧಾನ ಹೇರಿದ. ಬಾಗಿಲು ಮುಚ್ಚಿತು. ಬೇರೆ ದಾರಿ ಕಾಣದೆ ಸಂಸತ್ತು ಮಾರ್ಚ್ 28ರಂದು ಪ್ರಷ್ಯಾ ರಾಜನನ್ನು ಚಕ್ರವರ್ತಿಯಾಗಿ ಆರಿಸಿತು. 290 ಓಟು, 248 ಮಂದಿ ಓಟು ಹಾಕಲೇ ಇಲ್ಲ. ಏಪ್ರಿಲ್ 3ರಂದು ಆ ರಾಜ, ಜನ ಕೊಡುವ ಕಿರೀಟ ತನಗೆ ಬೇಡ ಅನ್ನುವ ದನಿಯಲ್ಲಿ ಕೈಯಾಡಿಸಿದ.

ಈಗ ಕ್ಯಾಲೆಂಡರ್ ನೋಡಿ. ಏಪ್ರಿಲ್ 3ಕ್ಕೆ ಜರ್ಮನಿಯ ಕಿರೀಟ ತಗೊಳ್ಳುವವರಿಲ್ಲ. ಏಪ್ರಿಲ್ 14ಕ್ಕೆ ಹಂಗೇರಿ, ಹ್ಯಾಪ್ಸ್‌ಬರ್ಗ್ ಮನೆತನಕ್ಕೂ ನಮಗೂ ಸಂಬಂಧ ಇಲ್ಲ ಅಂತ ಡೆಬ್ರೆಟ್ಸೆನ್‌ನಲ್ಲಿ ಘೋಷಿಸಿತು. ಮೇ 21ಕ್ಕೆ ಅವರ ಸೈನ್ಯ ಬೂಡಾ ಕೋಟೆಯನ್ನು ವಾಪಸ್ ಹಿಡಿಯಿತು. ಅದೇ ದಿನ 18 ವರ್ಷದ ಚಕ್ರವರ್ತಿ ಫ್ರಾನ್ಸ್ ಯೋಸೆಫ್ ವಾರ್ಸಾದಲ್ಲಿ ರಷ್ಯಾದ ಜಾರ್ ನಿಕೋಲಸ್ ಎದುರು ನೆರವು ಬೇಡುತ್ತಿದ್ದ. ಇತ್ತ ಫ್ರಾಂಕ್‌ಫರ್ಟ್‌ನಲ್ಲಿ ಅವನ ತಾತನ ತಮ್ಮ ಯೋಹಾನ್ ಇನ್ನೂ ಕುರ್ಚಿ ಬಿಟ್ಟಿರಲಿಲ್ಲ. ಡಿಸೆಂಬರ್‌ವರೆಗೂ ಬಿಡಲಿಲ್ಲ.

ಜಾರ್ ಸುಮಾರು ಎರಡು ಲಕ್ಷ ಸೈನ್ಯ ಕಳಿಸಿದ. ಆಗಸ್ಟ್ 13ಕ್ಕೆ ಹಂಗೇರಿ ಶರಣಾಯಿತು. ಜಾರ್‌ಗೆ ಆಸ್ಟ್ರಿಯಾ ಮೇಲೆ ಮಮತೆ ಅಂತಲ್ಲ. ಹಂಗೇರಿಯ ಸೈನ್ಯದಲ್ಲಿ ಬೆಮ್‌ನಂಥ ಪೋಲಿಷ್ ಜನರಲ್‌ಗಳಿದ್ದರು, ಆ ಕಿಡಿ ತನ್ನ ಪೋಲೆಂಡಿಗೆ ಹಾರಿದರೆ ಅನ್ನುವ ಭಯ. ಅವನು ತನ್ನ ಗಡಿ ಕಾದುಕೊಂಡು ಸುಮ್ಮನಿದ್ದಿದ್ದರೆ? ಆಸ್ಟ್ರಿಯಾ ಒಂದರಿಂದಲೇ ಹಂಗೇರಿಯನ್ನು ಮತ್ತೆ ಹಿಡಿಯಲು ಆಗುತ್ತಿತ್ತೋ ಇಲ್ಲವೋ. ಆಗಲಿಲ್ಲ ಅಂತಿಟ್ಟುಕೊಳ್ಳಿ. ವಿಯೆನ್ನಾ ಕೈಯಲ್ಲಿ ಉಳಿಯುವುದು ಆಸ್ಟ್ರಿಯಾ ಪ್ರಾಂತ್ಯಗಳು, ಬೊಹೀಮಿಯಾ, ಮೊರಾವಿಯಾ, ಟಿರೋಲ್, ಟ್ರಿಯೆಸ್ಟ್. ಇವೆಲ್ಲ ಮೊದಲೇ ಜರ್ಮನ್ ಒಕ್ಕೂಟದ ಒಳಗಿದ್ದ ಜಾಗಗಳು. ಹೊರಗಿನವು ಮುಖ್ಯವಾಗಿ ಗಲೀಶಿಯಾ (ಈಗಿನ ಪೋಲೆಂಡ್–ಉಕ್ರೇನ್ ಗಡಿಯ ಸೀಮೆ) ಮತ್ತು ಇಟಲಿಯ ತುಂಡು. ಇಟಲಿಯನ್ನು ಆಸ್ಟ್ರಿಯಾದ ಸೇನಾಪತಿ ರಾಡೆಟ್ಸ್ಕಿ ನೊವಾರಾದಲ್ಲಿ ಗೆದ್ದು ಉಳಿಸಿಕೊಟ್ಟಿದ್ದ ನಿಜ, ಆದರೆ ಅದು ಎಷ್ಟು ದಿನ ನಿಲ್ಲುತ್ತಿತ್ತು? ಅರ್ಧ ಮನೆ ಹೊರಗೆ ಬಿಟ್ಟು ಬಾ ಅಂದಿದ್ದರಲ್ಲ, ಆ ಅರ್ಧ ತಾನಾಗಿಯೇ ಹೋಗಿರುತ್ತಿತ್ತು. ಆಗ ಹ್ಯಾಪ್ಸ್‌ಬರ್ಗ್‌ಗೆ ಜರ್ಮನಿ ಅಗತ್ಯ. 1815ರ ನಂತರ ಪ್ರಷ್ಯಾಗೆ ಇದ್ದಂಥದ್ದೇ ಅಗತ್ಯ.

ಇದು ನನ್ನ ಊಹೆ ಅಂತ ತಳ್ಳಿಹಾಕುವ ಮುಂಚೆ 1918 ನೆನಪು ಮಾಡಿಕೊಳ್ಳಿ. ಸಾಮ್ರಾಜ್ಯ ನಿಜವಾಗಿಯೂ ಒಡೆದಾಗ, ನವೆಂಬರ್ 12ರಂದು, ವಿಯೆನ್ನಾದ ಹಂಗಾಮಿ ಸಭೆ ಹೊರಡಿಸಿದ ಘೋಷಣೆಯಲ್ಲಿ ‘ಜರ್ಮನ್ ಆಸ್ಟ್ರಿಯಾ ಜರ್ಮನ್ ಗಣರಾಜ್ಯದ ಒಂದು ಭಾಗ’ ಅಂತಲೇ ಇತ್ತು. ಗೆದ್ದ ದೇಶಗಳು 1919ರ ಒಪ್ಪಂದದಲ್ಲಿ ಅದನ್ನು ತಡೆದವು. 1938ರಲ್ಲಿ ಹಿಟ್ಲರ್ ಮಾಡಿದ್ದು ಬೇರೆಯೇ, ಅದು ಸೈನ್ಯ ನುಗ್ಗಿಸಿ ಮಾಡಿದ ಕಬಳಿಕೆ. 1918ರದ್ದು ಚುನಾಯಿತ ಪ್ರತಿನಿಧಿಗಳು ತಾವಾಗಿ ಹೇಳಿದ್ದು. ಸಾಮ್ರಾಜ್ಯ ಕಳೆದುಕೊಂಡ ವಿಯೆನ್ನಾ ಯಾವ ಕಡೆ ತಿರುಗುತ್ತದೆ ಅನ್ನುವುದು ಅಲ್ಲಿ ಕಾಣುತ್ತದೆ.

ಆ ಜರ್ಮನಿ ಹೇಗಿರುತ್ತಿತ್ತು? ಸ್ವರ್ಗ ಅಂತೂ ಅಲ್ಲ. 1871ರ ಜರ್ಮನಿಯಲ್ಲಿ ಕ್ಯಾಥೊಲಿಕರು ಮೂರರಲ್ಲಿ ಒಂದು ಪಾಲು, ಬಿಸ್ಮಾರ್ಕ್ ಅವರ ಚರ್ಚಿನ ಮೇಲೆ ಹತ್ತು ವರ್ಷ ಜಗಳ ಕಾದ. ಆಸ್ಟ್ರಿಯಾ ಸೇರಿದ ಜರ್ಮನಿಯಲ್ಲಿ ಅವರು ಅಷ್ಟು ಸುಲಭಕ್ಕೆ ಸಿಗುತ್ತಿರಲಿಲ್ಲ. ಬೊಹೀಮಿಯಾದ ಕಥೆ ಮಾತ್ರ ಕಷ್ಟ. ಅಲ್ಲಿ ಚೆಕ್ಕರೇ ಹೆಚ್ಚು. ಫ್ರಾಂಕ್‌ಫರ್ಟ್‌ಗೆ ಬನ್ನಿ ಅಂತ 1848ರಲ್ಲಿ ಕರೆದಾಗಲೇ ಅವರ ಇತಿಹಾಸಕಾರ ಪಲಾಟ್ಸ್ಕಿ, ನಾನು ಜರ್ಮನ್ ಅಲ್ಲ, ಬರುವುದಿಲ್ಲ ಅಂತ ಪತ್ರ ಬರೆದಿದ್ದ. ಆಸ್ಟ್ರಿಯಾ ಸಾಮ್ರಾಜ್ಯ ಇಲ್ಲದಿದ್ದರೆ ನಾವೇ ಅದನ್ನು ಕಟ್ಟಬೇಕಾಗುತ್ತಿತ್ತು ಅನ್ನುವ ಅರ್ಥದ ಅವನ ಮಾತು ಪ್ರಸಿದ್ಧ. ಸಾಮ್ರಾಜ್ಯದೊಳಗೆ ಚೆಕ್ಕರಿಗೆ ಜೊತೆಗಾರರಿದ್ದರು. ಬರೀ ಜರ್ಮನ್ನರ ದೇಶದಲ್ಲಿ ಅವರು ಒಂಟಿ. ನಿಜವಾಗಿ ನಡೆದ ಚರಿತ್ರೆಯಲ್ಲಿ ಬೊಹೀಮಿಯಾದ ಕಚೇರಿಗಳಲ್ಲಿ ಚೆಕ್ ಭಾಷೆಗೂ ಸಮಾನ ಜಾಗ ಕೊಡಲು ಹೋದ ಆಸ್ಟ್ರಿಯಾದ ಪ್ರಧಾನಿ ಬಡೇನಿ 1897ರಲ್ಲಿ ಗಲಭೆಗೆ ಸಿಕ್ಕಿ ಕುರ್ಚಿ ಕಳೆದುಕೊಂಡ. ಈ ಇನ್ನೊಂದು ಚರಿತ್ರೆಯಲ್ಲಿ ಆ ಗಲಭೆಗೆ 1897ರವರೆಗೆ ಕಾಯಬೇಕಾಗಿರಲಿಲ್ಲ.

ಪ್ರಷ್ಯಾ ಸುಮ್ಮನಿರುತ್ತಿತ್ತಾ? ಸ್ವಲ್ಪ ಕಾಲ ಇರುತ್ತಿತ್ತು ಅಂತ ಕಾಣುತ್ತದೆ. 1850ರಲ್ಲಿ ಪ್ರಷ್ಯಾ, ಆಸ್ಟ್ರಿಯಾ ಸೈನ್ಯಗಳು ಎದುರುಬದುರಾದಾಗ ಬ್ರೊನ್ಟ್ಸೆಲ್ ಅನ್ನುವಲ್ಲಿ ಒಂದಿಷ್ಟು ಗುಂಡು ಹಾರಿ, ಪ್ರಷ್ಯಾ ಕಡೆಯ ಒಂದು ಬಿಳಿ ಕುದುರೆ ಸತ್ತಿತು. ಆ ತಿಂಗಳ ಕೊನೆಗೆ ಓಲ್ಮ್ಯುಟ್ಸ್‌ನಲ್ಲಿ ಪ್ರಷ್ಯಾ ತಲೆಬಾಗಿತು. ಇದು ಅವಮಾನ ಅಂತ ಬರ್ಲಿನ್ ಕುದಿಯುತ್ತಿದ್ದಾಗ ಶಾಸನಸಭೆಯಲ್ಲಿ ಎದ್ದು ನಿಂತು ಆ ಒಪ್ಪಂದವನ್ನು ಸಮರ್ಥಿಸಿದವನು ಬಿಸ್ಮಾರ್ಕ್! ಬಿಸ್ಮಾರ್ಕ್ ಅಂದರೆ ಹುಟ್ಟಾ ಏಕೀಕರಣವಾದಿ ಅನ್ನುವವರಿಗೆ ಈ ಭಾಷಣ ತೋರಿಸಬೇಕು.

1863ರಲ್ಲಿ ಆಸ್ಟ್ರಿಯಾ ಇನ್ನೊಂದು ಪ್ರಯತ್ನ ಮಾಡಿತು. ಫ್ರಾನ್ಸ್ ಯೋಸೆಫ್ ಜರ್ಮನ್ ರಾಜರನ್ನೆಲ್ಲ ಫ್ರಾಂಕ್‌ಫರ್ಟ್‌ಗೆ ಕರೆದ. ಪ್ರಷ್ಯಾದ ವಿಲ್ಹೆಲ್ಮ್ ಬರಲಿಲ್ಲ ಅಂತ ಸ್ಯಾಕ್ಸನಿಯ ರಾಜನನ್ನೇ ಕರೆಯಲು ಕಳಿಸಿದರು. ಮೂವತ್ತು ರಾಜರ ಆಹ್ವಾನ, ಓಲೆಕಾರನೂ ಒಬ್ಬ ರಾಜ, ಹೇಗೆ ಬೇಡ ಅನ್ನಲಿ ಅಂತ ವಿಲ್ಹೆಲ್ಮ್ ಒದ್ದಾಡಿದ. ಬಿಸ್ಮಾರ್ಕ್ ಬಿಡಲಿಲ್ಲ. ವಿಲ್ಹೆಲ್ಮ್ ಹೋಗಿದ್ದರೂ ದೊಡ್ಡದೇನೂ ಆಗುತ್ತಿರಲಿಲ್ಲ ಅನ್ನಿಸುತ್ತದೆ. ಅಲ್ಲಿ ಮೇಜಿನ ಮೇಲೆ ಇದ್ದದ್ದು ಒಕ್ಕೂಟಕ್ಕೆ ಸುಣ್ಣಬಣ್ಣ ಹೊಡೆಯುವ ಯೋಜನೆ.

ಹಾಗಾದರೆ ಮೊದಲ ಮಹಾಯುದ್ಧ ತಪ್ಪುತ್ತಿತ್ತಾ ಅಂತ ಕೇಳುತ್ತಿರುವವರಲ್ಲಿ ಒಬ್ಬರು ಆಗಲೇ ಚೀಟಿ ಕಳಿಸಿದ್ದಾರೆ. ಅಷ್ಟು ದೂರಕ್ಕೆ ನಾನು ಹೋಗಲಾರೆ. 1849ರಿಂದ 1914ಕ್ಕೆ 65 ವರ್ಷ. ಒಂದು ಗೋಟಿ ಸರಿಸಿದ ಮೇಲೆ ಎರಡು ಮೂರು ನಡೆ ಲೆಕ್ಕ ಹಾಕಬಹುದು, ಅದಕ್ಕಿಂತ ಮುಂದೆ ಬರೀ ಹರಟೆ. 1871ರಲ್ಲಿ ಜರ್ಮನಿ ಫ್ರಾನ್ಸ್‌ನಿಂದ ಕಿತ್ತುಕೊಂಡ ಅಲ್ಸೇಸ್–ಲೊರೇನ್ ಸೀಮೆಯ ಜಗಳ ಈ ರೂಪದಲ್ಲಿ ಇರುತ್ತಿರಲಿಲ್ಲ ಅಂತ ಹೇಳಬಹುದು. ಬೇರೆ ಜಗಳ ಇರುತ್ತಿರಲಿಲ್ಲ ಅಂತ ಹೇಳಲು ಆಗಲ್ಲ.

ಇನ್ನೊಂದು ಚೀಟಿ: ಬವೇರಿಯಾಗೆ ಆಗುತ್ತಿರಲಿಲ್ವಾ? ಪ್ರಷ್ಯಾ, ಆಸ್ಟ್ರಿಯಾ ಬಿಟ್ಟರೆ ದೊಡ್ಡದು ಅದೇ, ನಿಜ. ಆದರೆ 1866ರ ಹೊತ್ತಿಗೆ ಅಲ್ಲಿ ಐವತ್ತು ಲಕ್ಷಕ್ಕಿಂತ ಸ್ವಲ್ಪ ಕಡಿಮೆ ಜನ, ಪ್ರಷ್ಯಾದಲ್ಲಿ ಸುಮಾರು ಎರಡು ಕೋಟಿ. ಮಧ್ಯಮ ರಾಜ್ಯಗಳೆಲ್ಲ ಸೇರಿ ಮೂರನೇ ಶಕ್ತಿಯಾಗಬೇಕು ಅಂತ ಬವೇರಿಯಾ, ಸ್ಯಾಕ್ಸನಿಯ ಮಂತ್ರಿಗಳು ತುಂಬಾ ವರ್ಷ ಮಾತಾಡಿದರು. ಒಬ್ಬರ ಮುಂದೆ ಇನ್ನೊಬ್ಬರು ತಗ್ಗಲು ತಯಾರಿಲ್ಲದೆ ಅದು ಮಾತಾಗಿಯೇ ಉಳಿಯಿತು. ಬವೇರಿಯಾದ ನಿಜವಾದ ಪಾತ್ರ ಬಂದಿದ್ದು 1870ರ ನವೆಂಬರ್ ಕೊನೆಗೆ. ಪ್ರಷ್ಯಾದ ರಾಜ ಚಕ್ರವರ್ತಿ ಆಗಲಿ ಅಂತ ಬೇರೆ ರಾಜರು ಕರೆಯಬೇಕಲ್ಲ, ಆ ಪತ್ರ ಬವೇರಿಯಾದ ಎರಡನೇ ಲುಡ್ವಿಗ್ ಹೆಸರಿನಲ್ಲಿ ಬರಬೇಕಿತ್ತು. ಕರಡು ಬರೆದುಕೊಟ್ಟಿದ್ದು ಬಿಸ್ಮಾರ್ಕ್. ಲುಡ್ವಿಗ್ ಹೋಹೆನ್‌ಶ್ವಾಂಗೌ ಕೋಟೆಯಲ್ಲಿ ಹಲ್ಲುನೋವು ಅಂತ ಹಾಸಿಗೆ ಹಿಡಿದಿದ್ದ, ಅಲ್ಲೇ ಅದನ್ನು ತನ್ನ ಕೈಯಲ್ಲಿ ನಕಲು ಮಾಡಿಕೊಟ್ಟ. ಅದಕ್ಕೆ ಪ್ರತಿಯಾಗಿ ವರ್ಷ ವರ್ಷ ಅವನಿಗೆ ಗುಟ್ಟಾಗಿ ಹಣ ಹೋಗುತ್ತಿತ್ತು. ಆ ಹಣ ಬಂದದ್ದು ಪ್ರಷ್ಯಾ ಖಜಾನೆಯಿಂದಲೂ ಅಲ್ಲ, ಹನೋವರ್ ರಾಜನಿಂದ ಜಪ್ತಿ ಮಾಡಿದ ಆಸ್ತಿಯಿಂದ.